ಮೂರನೆಯ ಸಾಲಿನ ಉಸಿರು

ಗಂಡನ ಬೂಟಿನ ಲೇಸನ್ನು ಅವಳು ಮತ್ತೊಮ್ಮೆ ಬಿಚ್ಚಿ, ಬಿಗಿಯಾಗಿ ಎಳೆದು, ಗಂಟಿನ ಮೇಲೆ ಗಂಟು ಹಾಕಿದಳು.

"ಸಾಕು ಬಿಡಮ್ಮಾ. ಅಪ್ಪ ಇನ್ನು ಎಲ್ಲಿಗೂ ನಡ್ಕೊಂಡು ಹೋಗಲ್ಲ," ಎಂದಳು ಮಗಳು.

"ಲೇಸು ಸಡಿಲ ಇದ್ರೆ ನಿಮ್ಮಪ್ಪಂಗೆ ಆಗ್ತಿರಲಿಲ್ಲ. ಬಾಯ್ಲರ್ ರೂಮಲ್ಲಿ ಕಾಲು ತೊಡರಿದ್ರೆ ಕತೆ ಮುಗೀತು ಅಂತಿದ್ರು."

"ಮುಗಿದೇ ಹೋಯ್ತಲ್ಲಮ್ಮಾ," ಎಂದವಳೇ ಮಗಳು ನಾಲಿಗೆ ಕಚ್ಚಿಕೊಂಡಳು. ಇಬ್ಬರಿಗೂ ನಗು ಬಂತು, ನಗುವಿನ ಬೆನ್ನಿಗೇ ಅಳು. ತಾಯಿ ಅದನ್ನು ನುಂಗಿಕೊಂಡಳು. ಮಣ್ಣು ಮಾಡಿ ಮನೆಗೆ ಬರುವ ತನಕ ಅಳುವುದಿಲ್ಲ ಎಂದು ಬೆಳಿಗ್ಗೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಚರ್ಚಿನಲ್ಲಿ ಆರ್ಗನ್ ನುಡಿಸುವ ಮಾಸ್ಟರು ಮನೆಯ ಬಾಗಿಲಲ್ಲೇ ನಿಂತು ಕೈ ಹೊಸಕಿಕೊಳ್ಳುತ್ತಿದ್ದರು. ಪೆಟ್ಟಿಗೆಯಲ್ಲಿ ಮಲಗಿದ್ದವನನ್ನು ಒಮ್ಮೆ ನೋಡಿ, ಮೆತ್ತಗೆ ಮಾತು ತೆಗೆದರು.

"ಅಕ್ಕಾ, ತುತ್ತೂರಿ ಅಣ್ಣನ ಹಾಡೇ ಇಟ್ಕೊಂಡಿದೀವಿ. ಆದ್ರೆ ಮೂರನೇ ಸಾಲಲ್ಲಿ ಇವತ್ತು ನಿಲ್ಲಿಸೋದು ಬೇಡ. ಸೀದಾ ಹಾಡ್ಕೊಂಡು ಹೋಗೋಣ ಅಂತ ಎಲ್ರಿಗೂ ಹೇಳಿದೀನಿ."

ಮಗಳಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. "ಯಾಕೆ ಮಾಸ್ಟ್ರೇ, ಸತ್ತ ಮೇಲೂ ಅಪ್ಪನ್ನ ತಿದ್ದಬೇಕಾ?"

"ತಿದ್ದೋದಲ್ಲ ತಾಯಿ. ನಿಲ್ತಿದ್ದಿದ್ದು ಅವನಿಗೋಸ್ಕರ, ಮತ್ತೆ ಎತ್ಕೊಳ್ತಿದ್ದಿದ್ದೂ ಅವನೇ. ಇವತ್ತು ನಿಂತುಬಿಟ್ರೆ, ಎತ್ಕೊಳ್ಳೋರು ಯಾರು?"

"ನಿಲ್ಲಿಸಬೇಡಿ," ಎಂದಳು ತಾಯಿ, ಬೂಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾ. "ಸೀದಾ ಹಾಡಿ."

* * *

ಹಾಡಿನ ಶ್ರುತಿಗೂ ಆತನಿಗೂ ಎಣ್ಣೆ ಸೀಗೆಕಾಯಿ. ಮದುವೆಯಾದ ಹೊಸದರಲ್ಲಿ ಚರ್ಚಿನಲ್ಲಿ ಹಾಡುತ್ತಿದ್ದವಳು ಅವಳು. ಆತ ಪಕ್ಕದಲ್ಲಿ ನಿಂತು ಪುಸ್ತಕ ಹಿಡಿದು ತುಟಿ ಅಲ್ಲಾಡಿಸುತ್ತಿದ್ದ, ಅಷ್ಟೆ.

ಶಾಲೆಗೆ ಸೇರಿಸಿದ ವರ್ಷವೇ ಮಗ ಜ್ವರದಲ್ಲಿ ಹೋದ. ಮುಂದಿನ ಭಾನುವಾರ ಅವಳ ಬಾಯಿ ತೆರೆಯಲಿಲ್ಲ. ಹಾಡಿನ ನಡುವೆಯೇ ಎದ್ದು ಹೊರಟವಳ ಕೈಯನ್ನು ಆತ ಹಿಡಿದುಕೊಂಡ.

"ಬಿಡ್ರೀ. ನಂಗೆ ಆ ದೇವರ ಮೇಲೆ ಸಿಟ್ಟಿದೆ," ಎಂದಳು ಹಲ್ಲು ಕಚ್ಚಿ.

"ನಂಗೂ ಇದೆ ಕಣೇ. ಸಿಟ್ಟಿದ್ರೆ ಇಲ್ಲೇ ಕೂತು ಸಿಟ್ಟು ಮಾಡ್ಕೋ. ಎದ್ದು ಹೋದ್ರೆ ನಮ್ಮ ಪಾಡು ಕೇಳೋರು ಇನ್ಯಾರಿದ್ದಾರೆ? ನೀನು ಹಾಡಬೇಡ. ನಿನ್ನ ಪಾಲಿಂದೂ ನಾನೇ ಹಾಡ್ತೀನಿ."

ಹಾಡಿಯೇಬಿಟ್ಟ. ಮುಂದಿನ ಬೆಂಚಿನ ಹೆಂಗಸರು ಬೆಚ್ಚಿಬಿದ್ದು ತಿರುಗಿದರು. ಇಬ್ಬರ ಪಾಲು ಒಂದೇ ಗಂಟಲಿನಿಂದ ಬರಬೇಕಲ್ಲ, ಚರ್ಚಿನ ಕಿಟಕಿಗಳೆಲ್ಲ ಗಲಗಲ ಎಂದವು. ತುತ್ತೂರಿ ಎಂಬ ಹೆಸರು ಅಂದೇ ಅಂಟಿಕೊಂಡಿತು.

* * *

ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದಲ್ಲಿ ಬಾಯ್ಲರ್ ನೋಡಿಕೊಳ್ಳುವುದು ಆತನ ಕೆಲಸ. ರೋಗಿಗಳ ಹಾಸಿಗೆ ಬಟ್ಟೆಗಳು ಆವಿಯಲ್ಲಿ ಬೆಂದು ಬೆಳ್ಳಗಾದವು, ಆತನ ಶ್ವಾಸಕೋಶ ಹಾಳಾಯಿತು. ಹಾಡುವುದು ಬಿಡಿ ಎಂದರು ಡಾಕ್ಟರು.

"ಇರೋ ಉಸಿರು ಇಷ್ಟೇ ಅಲ್ವಾ ಡಾಕ್ಟ್ರೇ? ಎಲ್ಲಿ ಬಳಸ್ಬೇಕು ಅಂತ ನಾನು ನೋಡ್ಕೋತೀನಿ," ಎಂದು ಆತ ಎದ್ದುಬಂದ.

ಆದರೆ ಪ್ರತಿ ಭಾನುವಾರ ಆತ ಹಾಡುತ್ತಿದ್ದ ಆ ಹಾಡಿನ ಮೂರನೆಯ ಸಾಲು ಉದ್ದ: *ಬಿದ್ದರೂ ಕರ್ತನೇ ನಿನ್ನ ಕೈ ಹಿಡಿದು ಏಳುವೆನು, ಮತ್ತೆ ಏಳುವೆನು.* 'ಕೈ ಹಿಡಿದು' ಎನ್ನುವಷ್ಟರಲ್ಲಿ ಆತನ ಉಸಿರು ಮುಗಿಯುತ್ತಿತ್ತು. ಬೆಂಚು ಹಿಡಿದು ನಿಲ್ಲುತ್ತಿದ್ದ, ಎದೆಯಲ್ಲಿ ಸಿಳ್ಳೆ ಹೊಡೆದಂತೆ ಗಾಳಿ ಎಳೆದುಕೊಳ್ಳುತ್ತಿದ್ದ, ಆಮೇಲೆ 'ಏಳುವೆನು' ಎಂದು ಶುರು ಮಾಡುತ್ತಿದ್ದ. ಮೊದಮೊದಲು ಜನ ಮುಂದೆ ಹೋಗಿಬಿಡುತ್ತಿದ್ದರು. ಬರಬರುತ್ತಾ ನಿಂತು ಕಾಯತೊಡಗಿದರು. ಹೊಸದಾಗಿ ಬಂದ ಪಾದ್ರಿ ಮೊದಲ ಭಾನುವಾರ ಗೊತ್ತಿಲ್ಲದೆ 'ಏಳುವೆನು' ಎಂದು ಒಬ್ಬರೇ ಮುಂದೆ ಹಾಡಿಬಿಟ್ಟರು. ಇಡೀ ಚರ್ಚು ಅವರನ್ನು ದುರುಗುಟ್ಟಿ ನೋಡಿತು. ಮುಂದಿನ ಸಲ ಅವರೂ ಕಾದರು.

ಅವಳು ಮಾತ್ರ ಅಷ್ಟೂ ವರ್ಷ ಆತನ ಪಕ್ಕ ಬಾಯಿ ಬಿಗಿದು ಕೂತಳು. ಆದರೆ ಒಂದು ಭಾನುವಾರವೂ ಎದ್ದು ಹೋಗಲಿಲ್ಲ.

* * *

ಚರ್ಚು ತುಂಬಿತ್ತು. ಬಾಯ್ಲರಿನ ಹುಡುಗರು ಕೆಲಸದ ಬಟ್ಟೆಯಲ್ಲೇ ಬಂದು ಹಿಂದೆ ನಿಂತಿದ್ದರು. ಅವಳು ತಮ್ಮ ಎಂದಿನ ಬೆಂಚಿನಲ್ಲೇ ಕೂತಳು. ಪಕ್ಕದಲ್ಲಿ ಆತನ ಜಾಗ ಖಾಲಿ ಇತ್ತು. ಮಗಳು ಸರಿದು ಬರಲು ಹೋದಾಗ ಬೇಡವೆಂದು ಕಣ್ಣಲ್ಲೇ ಹೇಳಿದಳು.

ಹಾಡು ಶುರುವಾಯಿತು. ಮೊದಲ ಸಾಲು, ಎರಡನೆಯ ಸಾಲು ಸರಾಗವಾಗಿ ಸಾಗಿದವು. *ಬಿದ್ದರೂ ಕರ್ತನೇ ನಿನ್ನ ಕೈ ಹಿಡಿದು...*

ಮಾಸ್ಟರ ಕೈ ಆರ್ಗನ್ನಿನಿಂದ ತಾನೇ ತಾನಾಗಿ ಮೇಲೆದ್ದಿತು. ಎಲ್ಲರ ಹಾಡೂ ನಿಂತುಬಿಟ್ಟಿತು. ಹೇಳಿದ್ದೇನು, ಮಾಡಿದ್ದೇನು! ಇಷ್ಟು ವರ್ಷದ ಅಭ್ಯಾಸ ಒಂದು ಬೆಳಗಿನ ಮಾತಿಗೆ ಬಗ್ಗುತ್ತದೆಯೇ? ಮಾಸ್ಟರು ತಪ್ಪಾಯಿತೆಂಬಂತೆ ಕಣ್ಣು ಮುಚ್ಚಿದರು. ಪಾದ್ರಿ ತಲೆ ತಗ್ಗಿಸಿದರು. ಯಾರೂ ಮುಂದಿನ ಪದ ಎತ್ತಲಿಲ್ಲ, ಅದು ಅವರ ಪದವಾಗಿರಲಿಲ್ಲ. ಎಲ್ಲರೂ ಬಿದ್ದಲ್ಲೇ ಇದ್ದರು.

ಆ ಮೌನ ಅವಳಿಗೆ ಗೊತ್ತಿತ್ತು. ಮಗ ಹೋದ ರಾತ್ರಿ ಮನೆಯಲ್ಲಿದ್ದದ್ದು ಇದೇ. ಇದನ್ನು ಹೀಗೇ ಬಿಟ್ಟು ಹೊರಗೆ ಹೋಗಬಾರದೆಂದೇ ಅಂದು ಆತ ಅವಳ ಕೈ ಹಿಡಿದದ್ದು. ಸಿಟ್ಟು ಹೋಗಿತ್ತೇ? ಇಲ್ಲ, ಇನ್ನೂ ಇತ್ತು. ಆದರೆ ಇವತ್ತು ಆತನ ಪಾಲನ್ನು ಹಾಡುವವರು ಬೇರೆ ಯಾರೂ ಇರಲಿಲ್ಲ.

ಬೆಂಚು ಹಿಡಿದು ಎದ್ದು ನಿಂತಳು.

"ಏಳುವೆನು," ಎಂದಳು. ಗಂಟಲು ಒಡಕಲಾಗಿತ್ತು, ಶ್ರುತಿ ಎತ್ತಲೋ ಹೋಗಿತ್ತು. "ಮತ್ತೆ ಏಳುವೆನು."

ಚರ್ಚಿಗೆ ಚರ್ಚೇ ಅವಳ ಹಿಂದೆ ಎದ್ದಿತು. ಬಾಯ್ಲರಿನ ಹುಡುಗರ ದನಿಗೆ ಕಿಟಕಿಗಳು ಗಲಗಲ ಎಂದವು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ತಾಯಿಯನ್ನೇ ನೋಡುತ್ತಿದ್ದಳು.

ಎರಡನೆಯ ಚರಣವೂ ಅದೇ ಸಾಲಿಗೆ ಬಂತು. ಮಾಸ್ಟರು ಈ ಸಲ ಬೇಕೆಂದೇ ಕೈ ಮೇಲೆತ್ತಿದರು. ಪೆಟ್ಟಿಗೆಯ ಕಡೆ ನೋಡಲಿಲ್ಲ, ಪೂರ್ತಿ ತಿರುಗಿ ಅವಳತ್ತ ನೋಡಿ ಕಾದರು. ಅವಳು ಎದೆತುಂಬ ಉಸಿರು ಎಳೆದುಕೊಂಡಳು.