ಸಾಲಿಗಿಟ್ಟ ಡಬ್ಬ

ಮೊಪೆಡ್ಡಿನ ಟ್ಯಾಂಕಿಗೆ ಪೈಪು ಇಳಿಬಿಟ್ಟು ಬಾಯಲ್ಲಿ ಪೆಟ್ರೋಲ್ ಎಳೆಯುವಾಗ ಉಸಿರು ಬಿಗಿ ಹಿಡಿಯಬೇಕು. ಇಸ್ತ್ರಿಯಕ್ಕನಿಗೆ ಅದು ಗೊತ್ತಿರಲಿಲ್ಲ. ಜೋರಾಗಿ ಎಳೆದಳು. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು.

"ನಾಳೆ ಇಸ್ತ್ರಿಪೆಟ್ಟಿಗೆ ಮುಂದೆ ಬಾಯಿ ತೆಗೀಬೇಡ ತಾಯಿ, ಭಗ್ ಅಂತ ಹತ್ಕೊಳ್ಳುತ್ತೆ," ಎಂದ ಕತ್ತರಿ ಮಾವ.

ಅಂಗಳದಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆ ಸಂಜೆ ಇನ್ನೂ ನಗು ಉಳಿದಿತ್ತು.

ಅವರೆಲ್ಲ ಗುಡ್ಡದಾಚೆಯ ಬಟ್ಟೆ ಕಾರ್ಖಾನೆಯವರು. ಕತ್ತರಿ ಮಾವ ಬಟ್ಟೆ ಕತ್ತರಿಸುವವನು, ಗುಂಡಿಯಕ್ಕ ಗುಂಡಿ ಹೊಲಿಯುವವಳು, ಇಸ್ತ್ರಿಯಕ್ಕ ಅಂಗಿಗಳಿಗೆ ಇಸ್ತ್ರಿ ಹಾಕುವವಳು. ಪೆಟ್ರೋಲ್ ಸಿಗದೆ ಹೋದಾಗಿನಿಂದ ಬಸ್ಸು ನಿಂತಿತ್ತು. ಮನೆಮನೆಯ ಮುಂದೆ ಮೊಪೆಡ್‌ಗಳು ಮೇವಿಲ್ಲದ ದನಗಳ ಹಾಗೆ ನಿಂತಿದ್ದವು. ಕಾರ್ಖಾನೆಯ ಪಕ್ಕದ ಬಂಕಿನಲ್ಲಿ ಉದ್ದನೆಯ ಸಾಲು. ಜನರ ಸಾಲಲ್ಲ, ಖಾಲಿ ಡಬ್ಬಗಳ ಸಾಲು. ಕೆಲಸ ಬಿಟ್ಟು ಯಾರು ನಿಂತಾರು? ಡಬ್ಬ ಇಟ್ಟು ಮೇಲೊಂದು ಕಲ್ಲು ಹೇರಿ ಹೋಗುತ್ತಿದ್ದರು. ಡಬ್ಬ ಇದ್ದರೆ ಆಳು ನಿಂತ ಲೆಕ್ಕ. ಅದನ್ನು ಯಾರೂ ದಾಟುತ್ತಿರಲಿಲ್ಲ, ಸರಿಸುತ್ತಿರಲಿಲ್ಲ. ಇಟ್ಟವನೋ, ಅವನು ನೋಡಿಕೊಳ್ಳಲು ಒಪ್ಪಿಸಿದವನೋ ಎತ್ತಿದರೆ ಮಾತ್ರ ಸರದಿ ಹೋಯಿತು. ಈ ಕಟ್ಟಳೆಯನ್ನು ಮಾಡಿದವರು ಯಾರೋ ಗೊತ್ತಿಲ್ಲ. ಕಷ್ಟ ಬಂದಾಗ ದೇವರು ಬಡವರಿಗೆ ಇಂಥ ಒಂದು ನ್ಯಾಯವನ್ನಾದರೂ ಕಲಿಸುತ್ತಾನೆ.

ಪೈಪು ಹಿಡಿದು ಬಂದಿದ್ದವನು ಗಡಿಯಾರದಣ್ಣ. ಕಾರ್ಖಾನೆಯ ಸೂಪರ್‌ವೈಸರ್. ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಿದ್ದುದರಿಂದ ಆ ಹೆಸರು. ಅದೇ ಬೀದಿಯಲ್ಲಿ ಬೆಳೆದವನು. ಇಸ್ತ್ರಿಯಕ್ಕನ ಗಂಡ ತೀರಿಕೊಂಡಾಗ ಹೆಗಲು ಕೊಟ್ಟವನು, ಅವಳನ್ನು ಕೆಲಸಕ್ಕೆ ಸೇರಿಸಿದವನು. ಬಂಕಿನಲ್ಲಿ ಅವನ ಕೆಂಪು ಮುಚ್ಚಳದ ಡಬ್ಬ ಅವಳ ಡಬ್ಬದ ಪಕ್ಕದಲ್ಲೇ ಇತ್ತು. "ನಿನ್ನದರ ಜೊತೆ ನನ್ನದನ್ನೂ ನೋಡ್ಕೋ ತಂಗಿ, ಕೈಬಿಡಬೇಡ," ಎಂದಿದ್ದ. ಅವಳು ದಿನಾ ಸಂಜೆ ಹೋಗಿ ಎರಡರ ಮೇಲೂ ಕಲ್ಲು ಸರಿಪಡಿಸಿ ಬರುತ್ತಿದ್ದಳು.

"ಅಣ್ಣಾ, ನನ್ನ ಗಾಡೀಲಿ ಇನ್ನೊಂದು ಸಲ ಹೋಗಿ ಬರೋಷ್ಟಿದೆ. ಬರಿದು ಮಾಡ್ಲಾ?" ಎಂದು ಪೈಪು ಮುಟ್ಟುವ ಮುಂಚೆ ಕೇಳಿದ್ದಳು.

"ಒಬ್ಬೊಬ್ಬರ ಹತ್ರ ಇದ್ರೆ ನಾಳೆಗೇ ಮುಗಿಯುತ್ತೆ. ಎಲ್ಲಾ ಕಾರ್ಖಾನೆ ವ್ಯಾನಿಗೆ ಹಾಕಿದ್ರೆ ತಿಂಗಳು ಮುಗಿಯೋವರೆಗೂ ಎಲ್ಲರೂ ಬರ್ತೀರಿ. ಈ ತಿಂಗಳು ರಜೆ ಹಾಕದವರೇ ಕಾಯಂ. ಮರೆತ್ಯಾ?"

ಹೇಗೆ ಮರೆತಾಳು? ಗಂಡ ಹೋದಾಗಿನಿಂದ ಅವಳು ದಿನಗೂಲಿ. ಇವತ್ತು ಬಾ ಎಂದರೆ ಬರಬೇಕು, ನಾಳೆ ಬೇಡ ಎಂದರೆ ಮನೆಯಲ್ಲಿ ಕೂರಬೇಕು. ಕಾಯಂ ಆದರೆ ಮಗಳ ಎದುರು ನೆಮ್ಮದಿಯಿಂದ ತಟ್ಟೆ ಇಡಬಹುದು. ಜ್ವರ ಬಂದಾಗಲೂ ಹೋಗಿದ್ದಳು. ಇನ್ನೇನು, ತಿಂಗಳು ಮುಗಿಯುತ್ತ ಬಂದಿತ್ತು.

"ನಿಮ್ಮ ಮಾತು ಅಂದ್ರೆ ದೇವರ ಮಾತು ಅಣ್ಣ," ಎಂದು ಪೈಪು ಬಾಯಿಗಿಟ್ಟಿದ್ದಳು.

ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಎಲ್ಲರೂ ಬುತ್ತಿ ಹಿಡಿದು ನಿಂತರು. ವ್ಯಾನು ಬರಲಿಲ್ಲ.

"ಕೆಟ್ಟು ನಿಂತಿರಬೇಕು," ಎಂದಳು ಇಸ್ತ್ರಿಯಕ್ಕ.

"ಕೆಟ್ಟಿರೋದು ವ್ಯಾನಲ್ಲ ಕಣೇ," ಎಂದಳು ಗುಂಡಿಯಕ್ಕ. "ನಡಿ, ಕಾಲಿಗೆ ಪೆಟ್ರೋಲ್ ಬೇಕಾಗಿಲ್ಲ."

ಗುಡ್ಡ ಹತ್ತಿ ಇಳಿದರು. ಕತ್ತರಿ ಮಾವ ಅಲ್ಲಲ್ಲಿ ಕೂತು ಎದ್ದ. ಇಸ್ತ್ರಿಯಕ್ಕನ ಬಾಯಲ್ಲಿ ಪೆಟ್ರೋಲಿನ ರುಚಿ ಇನ್ನೂ ಹೋಗಿರಲಿಲ್ಲ. ಕಾರ್ಖಾನೆ ಮುಟ್ಟಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಗೇಟು ಹಾಕಿತ್ತು.

"ವ್ಯಾನು ಬೆಳಿಗ್ಗೇನೇ ಬಂತಲ್ಲಮ್ಮ," ಎಂದ ಕಾವಲುಗಾರ. "ತುಂಬ ಜನ ಇಳಿದ್ರು. ಹೊಸಬರು. ಕಮ್ಮಿ ಕೂಲಿಗೆ ಒಪ್ಪಿದಾರಂತೆ."

ಇಸ್ತ್ರಿಯಕ್ಕ ಗೇಟಿನ ಸರಳು ಹಿಡಿದು ನೋಡಿದಳು. ಕಿಟಕಿಯಾಚೆ ಅವಳ ಮೇಜು. ಹಬೆಯ ನಡುವೆ ಬೇರೊಬ್ಬ ಹುಡುಗಿ ಬಾಗಿ ಕಾಲರು ಒತ್ತುತ್ತಿದ್ದಳು. ಪಾಪ, ಅವಳ ಹಣೆಯಲ್ಲೂ ಬೆವರು.

ಗಡಿಯಾರದಣ್ಣ ಬಂದ. ಮುಖ ನೋಡಲಿಲ್ಲ, ಗಡಿಯಾರ ನೋಡಿದ.

"ಇಷ್ಟು ಹೊತ್ತಿಗೆ ಬಂದ್ರೆ ಗೈರು. ಕಾಯಂ ಮಾತು ಮುಗೀತು. ಮನೆಗೆ ಹೋಗಿ."

"ನಮ್ಮ ಪೆಟ್ರೋಲಲ್ಲಿ ಅವರನ್ನ ಕರ್ಕೊಂಡು ಬಂದ್ರಾ ಅಣ್ಣ?"

"ಮೇಲಿನವರು ಹೇಳಿದ್ರು, ಮಾಡ್ದೆ. ನನ್ನ ಕೈಲಿ ಏನಿದೆ ತಂಗಿ?"

"ಪೈಪು ಇತ್ತಲ್ಲಣ್ಣ, ನಿಮ್ಮ ಕೈಲಿ."

ಅವನು ಒಳಗೆ ಹೋದ. ಅವಳು ಅಲ್ಲೇ ಕುಸಿದು ಕೂತಳು. ಹಸಿವು ತಡೆದವಳು, ಸಾವು ನೋಡಿದವಳು. ಆದರೆ ಹೆಗಲು ಕೊಟ್ಟವನೇ ಹೀಗೆ ಕುತ್ತಿಗೆ ಕೊಯ್ದದ್ದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ದೇವರನ್ನು ಕೇಳಿದಳೋ, ತನ್ನನ್ನೇ ಕೇಳಿಕೊಂಡಳೋ. ಆಮೇಲೆ ಎದ್ದು ಬಂಕಿನ ಕಡೆ ನಡೆದಳು. ಕಲ್ಲು ತೆಗೆದು ತನ್ನ ಡಬ್ಬ ಎತ್ತಿದಳು.

"ಅಯ್ಯೋ, ಸರದಿ ಹೋಯ್ತಲ್ಲೇ!" ಎಂದು ಗುಂಡಿಯಕ್ಕ ಕೂಗಿದಳು.

"ಹೋಗ್ಲಿ ಬಿಡು. ಪೆಟ್ರೋಲ್ ಬಂದ್ರೂ ಗಾಡಿ ಹತ್ತಿ ಎಲ್ಲಿಗೆ ಹೋಗ್ಲಿ?"

ಗುಂಡಿಯಕ್ಕ ಅವಳ ಕೈಲಿದ್ದ ಡಬ್ಬವನ್ನೂ ಗೇಟನ್ನೂ ನೋಡಿದಳು. ಆಮೇಲೆ ತನ್ನ ಡಬ್ಬದ ಕಲ್ಲು ತೆಗೆದಳು. ಕತ್ತರಿ ಮಾವನೂ ಎತ್ತಿದ, ಉಳಿದವರೂ ಎತ್ತಿದರು.

ಸಂಜೆ ಗೇಟು ತೆರೆಯಿತು. ಹೊಸ ಹುಡುಗಿಯರನ್ನು ತುಂಬಿಕೊಂಡು ವ್ಯಾನು ಹೊರಟಿತು, ಗಕ್ಕನೆ ನಿಂತಿತು. ಗೇಟಿಗಡ್ಡವಾಗಿ ಡಬ್ಬಗಳ ಸಾಲು. ಒಂದೊಂದರ ಮೇಲೂ ಕಲ್ಲು, ಹಿಂದೆ ಜನ.

"ಏನ್ ನೋಡ್ತಿದೀಯ? ಹತ್ತಿಸು!" ಎಂದು ಗಡಿಯಾರದಣ್ಣ ಓಡಿ ಬಂದ.

ಡ್ರೈವರ್ ಇಂಜಿನ್ ಆರಿಸಿದ. "ನನ್ನ ಡಬ್ಬಾನೂ ಬಂಕಲ್ಲಿದೆ ಸಾರ್. ಇವತ್ತು ಇದನ್ನ ತುಳಿದ್ರೆ ನಾಳೆ ನನ್ನದನ್ನ ಯಾರು ಬಿಡ್ತಾರೆ?"

"ನಿನ್ನದು ಅಲ್ಲೇ ಇದೆಯಪ್ಪ, ಮುಟ್ಟಿಲ್ಲ," ಎಂದ ಕತ್ತರಿ ಮಾವ.

ವ್ಯಾನಿನಿಂದ ಹಬೆಗೆ ಮುಖ ಕೆಂಪಾದ ಆ ಹುಡುಗಿ ಇಳಿದಳು. "ಏನಕ್ಕಾ ಇದು?"

"ನಿನ್ನನ್ನ ಹೊತ್ತು ತಂದದ್ದು ನಮ್ಮ ಟ್ಯಾಂಕಿನ ಪೆಟ್ರೋಲು ಕಣಮ್ಮ. ನೀನು ನಿಂತಿದ್ದು ನನ್ನ ಮೇಜು."

ಹುಡುಗಿಯ ಮುಖ ಬಾಡಿತು. "ನಂಗೆ ಗೊತ್ತಿರ್ಲಿಲ್ಲ ಅಕ್ಕ. ಅಲ್ಲಿ ಯಾರೋ ಬಿಟ್ಟು ಹೋದ ಕೆಲಸ ಅಂದಿದ್ರು."

"ಈಗ ಗೊತ್ತಾಯ್ತಲ್ಲ, ಕೂತ್ಕೋ. ಬುತ್ತಿ ಹಾಗೇ ಇದೆ."

ಹುಡುಗಿ ಕೂತಳು. ವ್ಯಾನಿನಿಂದ ಇನ್ನಿಬ್ಬರು ಇಳಿದರು. ಗಡಿಯಾರದಣ್ಣ ರೇಗಿ ಎದುರಿಗಿದ್ದ ಡಬ್ಬ ಒದೆಯಲು ಕಾಲೆತ್ತಿದ.

"ಒದೀರಿ ಅಣ್ಣ," ಎಂದಳು ಇಸ್ತ್ರಿಯಕ್ಕ. "ಅದು ನಿಮ್ಮದೇ. ಕೈಬಿಡಬೇಡ ಅಂದಿದ್ರಲ್ಲ, ಬಿಡಲಿಲ್ಲ."

ಎತ್ತಿದ ಕಾಲು ಇಳಿಯಿತು. ಅವನು ಕಲ್ಲು ಬದಿಗಿಟ್ಟು ಕೆಂಪು ಮುಚ್ಚಳದ ಡಬ್ಬ ಕೈಗೆತ್ತಿಕೊಂಡು ಬಂಕಿನ ಕಡೆ ನೋಡಿದ. ಅಲ್ಲಿ ಹಿಂದಿನವರು ತಮ್ಮ ಡಬ್ಬಗಳನ್ನು ಮುಂದೆ ಸರಿಸಿ ಅವನ ಜಾಗ ಮುಚ್ಚಿಬಿಟ್ಟಿದ್ದರು. ಖಾಲಿ ಡಬ್ಬ ಹಿಡಿದು, ಎಲ್ಲಿ ಇಡಬೇಕೆಂದು ತಿಳಿಯದೆ, ಅವನು ಆ ಕಡೆಗೂ ಈ ಕಡೆಗೂ ನೋಡುತ್ತ ನಿಂತ.