ಪಾಳು ಜಾಗದ ಮರಗಳು

ಹತ್ತಕ್ಕೆ ಲೆಕ್ಕ ಶುರುವಾಗುವುದು, ಹನ್ನೊಂದಕ್ಕೆ ನಕ್ಷೆ ಮೂಡುವುದು, ಮಧ್ಯಾಹ್ನ ಕಚೇರಿಯ ಮುಖ್ಯಸ್ಥ ಶಂಭುಲಿಂಗಪ್ಪ ಸರ್ ಅದನ್ನು ಸರ್ಕಾರದ ಸಮಿತಿಯ ಮುಂದಿಡುವುದು — ಇವತ್ತಿನ ಕ್ರಮ ಇದೇ, ಜಯನಗರದ ಕಚೇರಿಯ ಕಿಟಕಿಯಾಚೆ ಯಾರೋ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾರೆ, ಒದ್ದೆ ಮಣ್ಣಿನ ವಾಸನೆ, ಅರ್ಪಿತಳ ಕಣ್ಣು ಪರದೆಯ ಒಂದು ಹಸಿರು ಚೌಕದ ಮೇಲೆ ನಿಂತಿದೆ, ಉಪಗ್ರಹ ಅದನ್ನು ಪಾಳು ಭೂಮಿ ಎಂದಿದೆ, ಅವಳೇ ಬರೆದ ನಿಯಮದಂತೆ ಪಾಳು ಭೂಮಿಯಲ್ಲೆಲ್ಲ ಕಾಡು ಬೆಳೆಯಬೇಕು, ಕಾಡು ಇಂಗಾಲವನ್ನು ಹೀರಬೇಕು, ರಾಜ್ಯ ಉಗುಳುವ ಇಂಗಾಲವೂ ಮರಗಳು ಹೀರುವುದೂ 2050ಕ್ಕೆ ಸರಿದೂಗಿ ಪರದೆಯ ಮೇಲಿನ ಗೆರೆ ಸೊನ್ನೆಗೆ ಇಳಿಯಬೇಕು, ಇಳಿದಿದೆ, ಎಷ್ಟು ಅಂದವಾಗಿ ಇಳಿದಿದೆ, ವರ್ಷಗಳ ಕೆಲಸ — ಆದರೆ ಈ ಚೌಕ ಉತ್ತರಹಳ್ಳಿಯಾಚೆಗಿನ ಅಪ್ಪನ ಜಾಗವಲ್ಲವೇ, ತಾತನ ಕಾಲದ ರಾಗಿಹೊಲ, ಈಗ ಆಳೆತ್ತರದ ಕಾಂಗ್ರೆಸ್ ಗಿಡ, ಹೋದ ಮಳೆಗಾಲ ಅವಳು ಅಲ್ಲಿ ಹೊಂಗೆ ಸಸಿ ನೆಟ್ಟು ಬಂದಿದ್ದಳು, ಮುಂದಿನ ಭಾನುವಾರವೇ ಅಪ್ಪ ಗಂಗಾಧರಯ್ಯ ಅವನ್ನು ಬೇರುಸಹಿತ ಕಿತ್ತು ಕಾರಿನ ಡಿಕ್ಕಿಯಲ್ಲಿ ಮನೆಗೆ ತಂದಿದ್ದರು, ತಗೋ ಪುಟ್ಟಿ, ಕುಂಡಕ್ಕೆ ಹಾಕ್ಕೋ, ಯಾಕಪ್ಪಾ ಕಿತ್ಬಿಟ್ಟೆ, ನಾಳೆ ಮರ ಆದ್ಮೇಲೆ ಕಡಿಯೋಕೆ ಪರ್ಮಿಷನ್ ಯಾರ್ ತರ್ತಾರೆ, ನಿಮ್ ಆಫೀಸ್ ಸಾರಾ? ಮೆಟ್ರೋ ಬರ್ಲಿ, ರೇಟ್ ಬರ್ಲಿ, ಅಲ್ಲಿವರ್ಗೂ ಅದು ಖಾಲಿನೇ ಇರ್ಬೇಕು ಕಣಮ್ಮ — ಬೇರಿಗಂಟಿದ ಕೆಂಪು ಮಣ್ಣು ಡಿಕ್ಕಿಯ ತುಂಬ ಉದುರಿತ್ತು, ಖಾಲಿ ಇರುವುದಲ್ಲ, ಖಾಲಿ ಇಟ್ಟಿರುವುದು, ಈ ವ್ಯತ್ಯಾಸ ಆಕಾಶದಿಂದ ಕಾಣುವುದಿಲ್ಲ, ಮನೆಯಲ್ಲೇ ಕಂಡ ಅವಳೂ ಆಮೇಲೆ ನಿಯಮ ಬರೆಯುವಾಗ ಮರೆತೇಬಿಟ್ಟಳಲ್ಲ, ಇದು ನಮ್ಮಪ್ಪನ ಜಾಗ, ಇಲ್ಲಿ ಕಾಡು ಬೆಳೆಯಲ್ಲ ಎನ್ನುತ್ತಾಳೆ, ಪಕ್ಕದ ಕುರ್ಚಿಯ ಮೋಹಿತ್ ಇಣುಕುತ್ತಾನೆ, ಏನ್ ಗುರು, ನಿಮ್ಮಪ್ಪಂದು ಒಂದ್ ಸೈಟ್ ನೋಡಿ ಇಡೀ ರಾಜ್ಯದ ಕಾಡು ಕಡೀತೀಯಾ, ಸುಮ್ನೆ ಕಳ್ಸು ಮಗಾ, ಒಂದೇ ಆದರೆ ಕಳಿಸಬಹುದಿತ್ತು, ವಸತಿಗೆಂದು ಪರಿವರ್ತನೆಯಾದ ಜಮೀನುಗಳ ನಕ್ಷೆಯನ್ನು ಮೇಲೆ ಹೊದಿಸುತ್ತಾಳೆ, ತುಮಕೂರು, ಮೈಸೂರು, ಹುಬ್ಬಳ್ಳಿ, ಪ್ರತಿ ಊರಿನ ಸುತ್ತಲೂ ಅದೇ ಹಸಿರಿನ ಬಳೆ, ಪ್ರತಿ ಚೌಕದಲ್ಲೂ ಯಾರದೋ ಅಪ್ಪ ಬಗ್ಗಿ ಸಸಿ ಕೀಳುತ್ತಿದ್ದಾರೆ, ಫೋನಿನಲ್ಲಿ ಶಂಭುಲಿಂಗಪ್ಪ ಸರ್ ಕೇಳುತ್ತಾರೆ, ಅರ್ಪಿತ, ಸೊನ್ನೆ ಮುಟ್ತು ತಾನೇ, ಕಮಿಟಿಯವ್ರಿಗೆ ಆಗ್ಲೇ ಹೇಳ್ಬಿಟ್ಟಿದೀನಮ್ಮ, ಒಂದು ನಿಮಿಷ ಸರ್, ಬಳೆಗಳನ್ನು ಕಾಡಿನ ಲೆಕ್ಕದಿಂದ ಅಳಿಸುತ್ತಾಳೆ, ಲೆಕ್ಕ ಮತ್ತೆ ಓಡುತ್ತದೆ, ಗೆರೆ ಇಳಿಯುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ, ಸರ್, ಬರ್ಕೊಳ್ಳಿ — ಮಾರಾಟಕ್ಕೆ ಕಾದಿರುವ ಜಾಗಗಳನ್ನು ಬಿಟ್ಟು ಎಣಿಸಿದರೆ, 2050ಕ್ಕೆ ನಮ್ಮ ಗೆರೆ ಸೊನ್ನೆಯನ್ನು ಮುಟ್ಟುವುದಿಲ್ಲ.