ನೆಟ್ಟಿನ ಎರಡು ಕಂಬ

ಕಮ್ಮರಡಿಯ ವಾಸಪ್ಪ ಪ್ರಾಯದಲ್ಲಿ ವಾಲಿಬಾಲಿನ ಸ್ಮ್ಯಾಶ್ ಹೊಡೆದರೆ, ಬಾಲು ಬಿದ್ದ ಕಡೆ ಬಾವಿ ತೋಡುವ ಕೆಲಸ ಅರ್ಧ ಮುಗಿದಿರುತ್ತಿತ್ತು. ನಂಬದವರು ಕಮ್ಮರಡಿಗೆ ಬಂದು ನೋಡಲಿ, ಬಾವಿಗಳು ಇನ್ನೂ ಇವೆ. ಆ ಬಾಲನ್ನು ಅವನ ಕೈಗೆ ಎತ್ತಿಕೊಡುತ್ತಿದ್ದವನು ಕೆರೆಕಟ್ಟೆಯ ಸುಬ್ಬಪ್ಪ. ಸುಬ್ಬಪ್ಪ ಎತ್ತಿದ ಬಾಲು ಮೇಲೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ಕೂತು, ಎಲೆ ಅಡಿಕೆ ಹಾಕಿಕೊಂಡು, ವಾಸಪ್ಪ ಹಾರಿದ್ದು ಖಾತ್ರಿಯಾದ ಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲ್ಲೂಕಿನಲ್ಲೂ ಇಂಥ ಜೋಡಿ ಇನ್ನೊಂದಿರಲಿಲ್ಲ. ಭೂಮಂಡಲದಲ್ಲೇ ಇರಲಿಲ್ಲ ಎನ್ನಬಹುದು. ಆದರೆ ಘಟ್ಟದ ಕೆಳಗಿನವರು ಬೇಜಾರು ಮಾಡಿಕೊಳ್ಳುತ್ತಾರೆ.

ಈ ಜೋಡಿ ಮುರಿದದ್ದು ನರಸಿಂಹರಾಜಪುರದ ಒಂದು ಫೈನಲ್ಲಿನಲ್ಲಿ. ಕೊನೆಯ ಪಾಯಿಂಟಿಗೆ ವಾಸಪ್ಪ ಆಗಲೇ ಗಾಳಿಯಲ್ಲಿದ್ದ. ಸುಬ್ಬಪ್ಪ ಬಾಲನ್ನು ಅವನಿಗೆ ಕೊಡದೆ ತಮ್ಮದೇ ತಂಡದಲ್ಲಿ ಆಚೆ ತುದಿಗಿದ್ದ ಜಯಪುರದ ಹುಡುಗನಿಗೆ ಎತ್ತಿದ. ಹುಡುಗ ನೆಟ್ಟಿಗೆ ಹೊಡೆದ. ಕಪ್ಪು ಹೋಯಿತು. ನೆರೆದ ಜನರೆದುರು ವಾಸಪ್ಪ, 'ಇನ್ನು ನಿನ್ನ ಕೈಯಿಂದ ಬಂದ ಬಾಲು ನಾನು ಮುಟ್ಟಲ್ಲ' ಎಂದ. ಅದೇ ಕಡೆ. ಮಾತು ನಿಂತಿತು, ವರ್ಷಗಳು ಉರುಳಿದವು, ಇಬ್ಬರ ತಲೆಯೂ ಬೆಳ್ಳಗಾಯಿತು.

ಆಟ ಬಿಟ್ಟ ಮೇಲೆ ಇಬ್ಬರೂ ಬೇರೆಬೇರೆಯಾಗಿ ಪರೀಕ್ಷೆ ಬರೆದು ರೆಫರಿಗಳಾದರು. ಮೂರು ತಾಲ್ಲೂಕಿನ ಲೀಗಿನಲ್ಲಿ ಭಾನುವಾರಕ್ಕೆ ಮೂರು ಆಟ, ತಾಲ್ಲೂಕಿಗೊಂದು ಮೈದಾನ. ಪ್ರತಿ ಆಟಕ್ಕೂ ಇಬ್ಬರು ರೆಫರಿಗಳು. ಒಬ್ಬ ನೆಟ್ಟಿನ ಒಂದು ಕಂಬದ ಪಕ್ಕ ಎತ್ತರದ ಮಣೆ ಹತ್ತಿ ನಿಂತರೆ ಇನ್ನೊಬ್ಬ ಎದುರು ಕಂಬದ ಬುಡದಲ್ಲಿ ನಿಲ್ಲಬೇಕು. ಆಟ ಮುಗಿಯುವವರೆಗೆ ಒಬ್ಬರ ಮುಖ ಒಬ್ಬರು ನೋಡಲೇಬೇಕು. ಆದರೆ ಲೀಗು ಶುರುವಾದಾಗಿನಿಂದ ವಾಸಪ್ಪ, ಸುಬ್ಬಪ್ಪ ಒಂದು ನೆಟ್ಟಿಗೆ ಬಿದ್ದದ್ದಿಲ್ಲ. ಹಾಗೊಂದು ಷರತ್ತಿತ್ತು. ಅದನ್ನು ಸುಬ್ಬಪ್ಪನೇ ಹಾಕಿಸಿದ್ದೆಂದು ವಾಸಪ್ಪ ಅಂದುಕೊಂಡಿದ್ದ.

ಬರುವ ಯುಗಾದಿಗೆ ವಾಸಪ್ಪನಿಗೆ ಅರವತ್ತು. ಅರವತ್ತಾದ ರೆಫರಿ ಸೀಟಿ ಕೆಳಗಿಡಬೇಕೆಂಬುದು ಲೀಗಿನ ಕಾನೂನು. ಎಂದರೆ 2008ರ ಈ ಲೀಗೇ ಕೊನೆಯದು. ಸೀಟಿ ಇಡುವ ಮೊದಲು ಒಂದೇ ಒಂದು ಸಲ ಸುಬ್ಬಪ್ಪನ ಎದುರಿನ ಕಂಬದಲ್ಲಿ ನಿಲ್ಲಬೇಕೆಂಬ ಆಸೆ ಅವನಿಗೆ. ಈ ಗುಟ್ಟನ್ನು ಅವನು ಹೆಂಡತಿ ಕಮಲಕ್ಕನಿಗೂ ಹೇಳಿರಲಿಲ್ಲ. ಕಮಲಕ್ಕನಿಗೆ ಅದು ಹತ್ತು ವರ್ಷದ ಹಿಂದೆಯೇ ಗೊತ್ತಿತ್ತು.

ಅದುವರೆಗೆ ಆಟದ ಪಟ್ಟಿ ಹಾಕುತ್ತಿದ್ದವನು ಲೀಗಿನ ಕಾರ್ಯದರ್ಶಿ ಷಡಕ್ಷರಿ. ಆ ವರ್ಷ ಇಬ್ಬರು ರೆಫರಿಗಳು ಕಮ್ಮಿಯಾಗಿ, ಉಳಿದ ಆರೇ ಜನರನ್ನು ಹೊಂದಿಸಲು ಹೋಗಿ ಅವನ ತಲೆಯಲ್ಲಿದ್ದ ನಾಲ್ಕು ಕೂದಲೂ ಉದುರಿದವು. ಕಡೆಗೆ ಅವನು ಕೊಪ್ಪದ ಕಾಲೇಜಿನಲ್ಲಿ ಗಣಿತ ಹೇಳುವ ದೀಪಶ್ರೀಗೆ ಕೈಮುಗಿದ. ಈಕೆ ಕಮಲಕ್ಕನ ಅಣ್ಣನ ಮಗಳು. ಇವಳು ಲೆಕ್ಕ ಮಾಡಲು ಕೂತರೆ ಕ್ಯಾಲ್ಕುಲೇಟರುಗಳು ನಾಚಿ ಬ್ಯಾಟರಿ ಕಳಚಿಕೊಳ್ಳುತ್ತವೆ.

ವಾಸಪ್ಪ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಎಡತಾಕತೊಡಗಿದ.

"ಎಂತ ಮಾವ, ಮತ್ತೆ ಬಂದ್ರಾ?" ಎಂದಳು ದೀಪಶ್ರೀ.

"ಇಲ್ಲೇ ಸೊಸೈಟಿಗೆ ಬಂದಿದ್ದೆ ಮಾರಾಯ್ತಿ. ಹಂಗೇ ನೋಡ್ಕಂಡು ಹೋಗನ ಅಂತ."

"ಇವತ್ತು ಭಾನುವಾರ. ಸೊಸೈಟಿಗೆ ಬೀಗ."

"ಬೀಗ ಸರಿ ಇದೆಯಾ ಅಂತ ನೋಡಕ್ಕೆ ಬಂದಿದ್ದೆ."

ದೀಪಶ್ರೀ ನಗು ನುಂಗಿಕೊಂಡು ಕುರ್ಚಿ ಎಳೆದುಕೊಟ್ಟಳು. "ನೋಡಿ ಮಾವ, ಯಾವ ತಂಡ ಯಾವತ್ತು ಎಲ್ಲಿ, ಯಾವ ರೆಫರಿ ಯಾವ ಮೈದಾನಕ್ಕೆ, ಇದನ್ನ ಹೊಂದಿಸೋ ದಾರಿ ಕೆರೆಕಟ್ಟೆ ಕಾಡಿನ ಎಲೆಗಿಂತ ಜಾಸ್ತಿ ಇದೆ. ನಾನು ಷರತ್ತು ಹಾಕ್ತೀನಿ. ತನ್ನ ಊರಿನ ಆಟಕ್ಕೆ ರೆಫರಿ ನಿಲ್ಲಬಾರದು, ಒಂದೊಂದು ಮೈದಾನಕ್ಕೆ ಒಬ್ಬರಾದ್ರೂ ಸರ್ಟಿಫಿಕೇಟ್ ಇರೋರು ಬೇಕು, ಹಿಂಗೆ. ಆ ಷರತ್ತೊಳಗೆ ಎಲ್ಲರ ಬಸ್ ಓಡಾಟ ಆದಷ್ಟು ಕಮ್ಮಿ ಆಗೋ ಪಟ್ಟಿನ ಇದು ಹುಡುಕಿ ಕೊಡ್ಬೇಕು."

"ಕೊಡ್ತಾ?"

"ಇಲ್ಲ. 'ಪರಿಹಾರ ಇಲ್ಲ' ಅಂತದೆ. ಷರತ್ತು ಜಾಸ್ತಿಯಾಗಿ ಒಂದಕ್ಕೊಂದು ಗಂಟು ಬಿದ್ದಿದೆ. ಯಾವುದನ್ನಾದ್ರೂ ಬಿಡ್ಬೇಕು."

ವಾಸಪ್ಪ ಗಂಟಲು ಸರಿಮಾಡಿಕೊಂಡ. "ನಂದು ಬಿಡು. ಸಂಜೆ ಬಿಸಿಲು ಕಣ್ಣಿಗೆ ಬೀಳೋ ಕಂಬ ಬೇಡ ಅಂದಿದ್ನಲ್ಲ? ತೆಗಿ."

ತೆಗೆದಳು. ಕಂಪ್ಯೂಟರು ಗೊರಗೊರ ಎಂದು ಯೋಚಿಸಿತು. ಪರಿಹಾರ ಇಲ್ಲ.

"ಸಾಲಾಗಿ ಎರಡು ವಾರ ನರಸಿಂಹರಾಜಪುರ ಬೇಡ ಅಂದಿದ್ದು? ಅದೂ ತೆಗಿ. ಎರಡೇನು, ಅಲ್ಲೇ ಬಿಡಾರ ಮಾಡ್ತೀನಿ."

ಪರಿಹಾರ ಇಲ್ಲ.

"ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ ಆಗ್ಬೇಕು ಅನ್ನೋದನ್ನ ತೆಗಿ."

"ಅದು ನೀವು ಹಾಕಿದ್ದಲ್ಲ, ಅತ್ತೆ ಹಾಕ್ಸಿದ್ದು. ನಿಮಗೆ ಶುಗರ್ ಇದೆ."

"ಶುಗರ್ ನಂಗಿರೋದು, ನಿನ್ನ ಕಂಪ್ಯೂಟರಿಗಲ್ಲ. ತೆಗಿಯೇ ಕೂಸೇ."

ಅದನ್ನೂ ತೆಗೆದಳು. ಪರಿಹಾರ ಇಲ್ಲ. ವಾಸಪ್ಪ ಕಿಟಕಿಯಾಚೆ ನೋಡುತ್ತ ಕೂತ. ಬಿಡಲು ಅವನ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಉಳಿದಿದ್ದ ಒಂದರ ಹೆಸರು ಎತ್ತಲು ಬಾಯಿ ಬರುತ್ತಿರಲಿಲ್ಲ.

"ನಿನ್ನೆ ಕೆರೆಕಟ್ಟೆ ಸುಬ್ಬಪ್ಪನೋರು ಬಂದಿದ್ರು" ಎಂದಳು ದೀಪಶ್ರೀ, ಪರದೆಯಿಂದ ಕಣ್ಣು ತೆಗೆಯದೆ. "ಅವರೂ ಬೀಗ ನೋಡಕ್ಕೆ ಬಂದಿದ್ರೋ ಏನೋ. ಥೇಟ್ ನಿಮ್ಮ ಹಂಗೆ ಒಂದೊಂದೇ ಬಿಡ್ತಾ ಹೋದ್ರು. ಕಡೇ ಬಸ್ಸು ತಪ್ಪಬಾರದು ಅಂತ ಅವರದ್ದೊಂದಿತ್ತು. ಅದನ್ನೂ ತೆಗಿಯಮ್ಮ, ಶೃಂಗೇರಿಯಿಂದ ಕೆರೆಕಟ್ಟೆಗೆ ನಡ್ಕಂಡೇ ಹೋಗ್ತೀನಿ ಅಂದ್ರು."

"ಹುಚ್ಚ!" ವಾಸಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ದಾರೀಲಿ ಕಾಡುಕೋಣ ನಿಂತಿರ್ತವೆ. ಅವನ ಮಂಡಿ ಬೇರೆ ಸರಿ ಇಲ್ಲ. ನಡೀತಾನಂತೆ!"

"ಮಂಡಿ ಸರಿ ಇಲ್ಲ ಅಂತ ನಿಮಗೆ ಯಾರು ಹೇಳಿದ್ರು ಮಾವ?"

ವಾಸಪ್ಪ ಮೆಲ್ಲಗೆ ಕೂತ. "ಹೇಳ್ತಾರಪ್ಪ ಯಾರಾದ್ರೂ."

"ಅವರಿಗೆ ಹೇಳ್ದೆ. ಇನ್ನು ಒಂದೇ ಷರತ್ತು ಉಳಿದಿರೋದು, ಅದು ತೆಗೆದ್ರೆ ಪಟ್ಟಿ ಕೂತ್ಕಳ್ಬಹುದು ಅಂತ."

"ಅವ ಎಂತ ಅಂದ?"

"'ಅದು ವಾಸಪ್ಪ ಹಾಕ್ಸಿದ್ದು, ತೆಗೆಯೋ ಹಕ್ಕು ನಂಗಿಲ್ಲ' ಅಂದ್ರು. ಚಾನೂ ಕುಡೀದೆ ಎದ್ದು ಹೋದ್ರು."

"ನಾನಾ? ನಾನು ಹಾಕ್ಸಿದ್ದಾ?"

ದೀಪಶ್ರೀ ತಿರುಗಿ ಅವನ ಮುಖ ನೋಡಿದಳು. ಆಮೇಲೆ ಮೊಬೈಲು ತೆಗೆದು, ಸಿಗ್ನಲ್ಲಿಗಾಗಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಷಡಕ್ಷರಿಗೆ ಫೋನು ಮಾಡಿದಳು. ಷಡಕ್ಷರಿಯ ಗಂಟಲಿಗೆ ಫೋನು ಬರೀ ಅಲಂಕಾರ. ಅವನು ಬಾಳೆಹೊನ್ನೂರಿನಲ್ಲಿ ಮಾತಾಡಿದ್ದು ಕೊಪ್ಪದ ಆ ಕೋಣೆಗೆಲ್ಲ ಕೇಳಿತು.

"ಅದಾ? ಅದನ್ನ ಹಾಕಿದ್ದು ನಾನೇ ಕಣಮ್ಮ. ಇಬ್ಬರೂ ಎದುರಾದ್ರೆ ಕಂಬ ಕಿತ್ಕಂಡು ಹೊಡೆದಾಡ್ತಾರೆ ಅಂತ ಹೆದ್ರಿಕೆ. ಒಳ್ಳೇದಕ್ಕೇ ಮಾಡಿದ್ದಪ್ಪ. ಇಬ್ಬರೂ ಬೇಡ ಅನ್ಲಿಲ್ಲ, ನಾನೂ ತೆಗೀಲಿಲ್ಲ."

ವಾಸಪ್ಪ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡ. ಇಷ್ಟು ವರ್ಷ ಅವನು ಸುಬ್ಬಪ್ಪನದೆಂದು ಹೊತ್ತು ತಿರುಗಿದ ಸಿಟ್ಟು ಯಾರದೂ ಆಗಿರಲಿಲ್ಲ.

"ಯಾವ ಗುಂಡಿ ಒತ್ತಬೇಕು?" ಎಂದ.

ದೀಪಶ್ರೀ ತೋರಿಸಿದಳು. ಬಾವಿ ತೋಡಿದ ಕೈ ಈಗ ಕೋಳಿಮರಿ ಮುಟ್ಟುವ ಹಾಗೆ ಆ ಗುಂಡಿಯನ್ನು ಮುಟ್ಟಿತು. ಪರದೆಯ ತುಂಬ ಊರುಗಳು, ಹೆಸರುಗಳು ಸರಸರನೆ ಬಂದು ಕೂತವು. ಕೊನೆಯ ಭಾನುವಾರ, ಶೃಂಗೇರಿ ಮೈದಾನ, ಜಯಪುರಕ್ಕೂ ಕೊಪ್ಪಕ್ಕೂ ಆಟ. ರೆಫರಿಗಳು ಸುಬ್ಬಪ್ಪ, ವಾಸಪ್ಪ.

"ನೀವಿಬ್ಬರೂ ಬಿಟ್ಟಿದ್ದನ್ನೆಲ್ಲ ನೀವು ಒತ್ತೋ ಮೊದಲೇ ವಾಪಸ್ ಹಾಕಿದ್ದೀನಿ ಮಾವ. ನಿಮ್ಮ ಊಟ, ಅವರ ಬಸ್ಸು, ಎಲ್ಲಾ. ಆದ್ರೂ ಕೂತ್ಕಂತು ನೋಡಿ."

ವಾಸಪ್ಪ ಕನ್ನಡಕ ತೆಗೆದು ಒರೆಸಿದ. ಕನ್ನಡಕ ಚೊಕ್ಕಟವಾಗಿಯೇ ಇತ್ತು.

ಆ ಭಾನುವಾರ ಅವನು ಎಷ್ಟು ಬೇಗ ಹೊರಟನೆಂದರೆ ಕಮ್ಮರಡಿಯ ಕೋಳಿಗಳು ಅವನ ಚಪ್ಪಲಿ ಸದ್ದಿಗೆ ಎದ್ದು ಕೂಗಿದವು. "ಮದುವೆ ದಿನವೂ ಇಷ್ಟು ಅವಸರ ಇರ್ಲಿಲ್ಲ ನಿಮಗೆ" ಎಂದು ಕಮಲಕ್ಕ ಬುತ್ತಿ ಕೈಗಿಟ್ಟಳು.

ಶೃಂಗೇರಿ ಮೈದಾನಕ್ಕೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಸುಬ್ಬಪ್ಪ ಮಾತ್ರ ಬಂದಿದ್ದ. ಒಂದು ಕಂಬಕ್ಕೆ ನೆಟ್ಟಿನ ಹಗ್ಗ ಸುತ್ತುತ್ತ, ಮಂಡಿಯ ಮೇಲೆ ಒಂದು ಕೈಯಿಟ್ಟು ನಿಂತಿದ್ದ. ವಾಸಪ್ಪ ಬುತ್ತಿ ಕೆಳಗಿಟ್ಟು ಇನ್ನೊಂದು ಕಂಬಕ್ಕೆ ಹೋಗಿ ಈ ತುದಿಯ ಹಗ್ಗ ಹಿಡಿದ. ಒಬ್ಬನೇ ಎಳೆದರೆ ನೆಟ್ಟು ನಡುವೆ ಜೋತುಬೀಳುತ್ತದೆ. ಇಬ್ಬರೂ ಎಳೆದರು.

"ಬಿಗಿ ಆಯ್ತನಾ?" ಎಂದ ಸುಬ್ಬಪ್ಪ.

"ಇನ್ನೊಂಚೂರು."

ಮತ್ತೆ ಎಳೆದರು. ಹಗ್ಗ ತಂಬೂರಿ ತಂತಿಯಂತೆ ಮಿಡಿಯಿತು. ವಾಸಪ್ಪ ಗಂಟು ಹಾಕುತ್ತ, ಗಂಟನ್ನೇ ನೋಡುತ್ತ ಕೇಳಿದ: "ಅವತ್ತು ಯಾಕೋ ನಂಗೆ ಎತ್ತಲಿಲ್ಲ?"

"ನಿನ್ನ ಬಲಭುಜ ಬಾತಿತ್ತು. ಅಂಗಿ ಹಾಕ್ಕಳ್ಳುವಾಗ ಹಲ್ಲು ಕಚ್ಚಿದ್ದು ನೋಡಿದ್ದೆ. ಇನ್ನೊಂದು ಹೊಡ್ತ ಹೊಡೆದಿದ್ರೆ ಆ ಕೈಯಲ್ಲಿ ನೀನು ತುತ್ತೂ ಎತ್ತುತಿರಲಿಲ್ಲ ಮಾರಾಯ."

"ಹೇಳ್ಬೌದಿತ್ತು."

"ಹೇಳಕ್ಕೆ ಬಿಟ್ಯಾ ನೀನು? ಮೂರು ತಾಲ್ಲೂಕಿಗೆ ಕೇಳೋ ಹಂಗೆ ಬೈದು ಬಸ್ ಹತ್ತಿದೆ."

ವಾಸಪ್ಪ ಬಲಭುಜವನ್ನು ಎಡಗೈಯಿಂದ ಒಮ್ಮೆ ಸವರಿಕೊಂಡ. ಆಮೇಲೆ ಬದಿಯಲ್ಲಿ ಬಿದ್ದಿದ್ದ ಬಾಲನ್ನು ಕಾಲಿನಿಂದ ಸುಬ್ಬಪ್ಪನ ಕಡೆ ತಳ್ಳಿದ.

"ಈಗ ಬಾತಿಲ್ಲ" ಎಂದ.

ಸುಬ್ಬಪ್ಪ ಬಾಲು ಎತ್ತಿಕೊಂಡು ನೆಟ್ಟಿನ ಹತ್ತಿರ ಬಂದ. ಹತ್ತು ಬೆರಳೂ ಹೂವಿನ ಹಾಗೆ ಬಿಚ್ಚಿದವು. ಬಾಲು ಮೇಲೆ ಹೋಯಿತು, ಹಳೆಯ ಜಾಗದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡಿತು. ವಾಸಪ್ಪ ಓಡಿ ಬಂದು ಹಾರಿದ. ನೋಡಿದವರು ಯಾರೂ ಇರಲಿಲ್ಲ, ಆದ್ದರಿಂದ ಆ ಹಾರುವಿಕೆ ಶಾರದಮ್ಮನ ಗೋಪುರಕ್ಕಿಂತ ಮೊಳ ಎತ್ತರವಿತ್ತೆಂದು ಧೈರ್ಯವಾಗಿ ಹೇಳಬಹುದು. ಕೈ ಬೀಸಿ ಹೊಡೆದ. ಬಾಲು ನೆಟ್ಟಿಗೆ ಬಡಿದು, ಅವನ ಹೊಟ್ಟೆಗೆ ತಾಗಿ, ಈಚೆಯೇ ಅವನ ಕಾಲ ಬುಡದಲ್ಲಿ ಬಿತ್ತು.

ಸುಬ್ಬಪ್ಪ ಸೀಟಿ ಬಾಯಿಗಿಟ್ಟು ಉದ್ದಕ್ಕೆ ಊದಿದ. ಕೈ ನೀಟಾಗಿ ಚಾಚಿ ನೆಟ್ಟಿನಾಚೆಯ ಅಂಕಣವನ್ನು ತೋರಿಸಿದ.

"ಒಳಗೆ" ಎಂದ. "ಪಾಯಿಂಟು ನಮ್ದು."